ಕ್ಲೀವ್ ಗುಡ್ಡದ ಕೆಳಗೆ ಐದು ದಿನ

ಸೋಮವಾರ

ಬೆಂಗಳೂರಿನ ರೇಸ್‌ಕೋರ್ಸ್‌ಗೆ ಕೂಗಳತೆಯ ದೂರದಲ್ಲಿದ್ದ ಬ್ಯಾಂಕ್ ಶಾಖೆಯಲ್ಲಿ ನಾನು ಹನ್ನೊಂದು ವರ್ಷ ಗುಮಾಸ್ತನಾಗಿದ್ದೆ. ಅಲ್ಲಿ ಹತ್ತಿದ ಕುದುರೆ ರೇಸಿನ ಚಾಳಿ, ಮೈಸೂರಿಗೆ ವರ್ಗವಾಗಿ ಚಾಮುಂಡಿ ಬೆಟ್ಟದ ಬುಡದ ಮೈದಾನ ಸಿಕ್ಕ ಮೇಲೆ ಗಟ್ಟಿಯಾಯಿತು. ಆಡಿದ್ದಕ್ಕಿಂತ ಓದಿದ್ದೇ ಹೆಚ್ಚು. ರೇಸ್ ಪುಸ್ತಕವನ್ನು ಪಂಚಾಂಗದ ಹಾಗೆ ಓದುತ್ತೇನೆ ಎಂದು ಹೆಂಡತಿ ಹೇಳುತ್ತಿದ್ದಳು. ಅಮ್ಮ ಮಾತ್ರ ಕೊನೆಯವರೆಗೂ ಅದನ್ನು ‘ಮನೆ ಹಾಳು ಪುಸ್ತಕ’ ಎಂದೇ ಕರೆದರು.

ನಮ್ಮಲ್ಲಿ ಕುದುರೆ ಓಡುತ್ತದೆ, ಹಾರುವುದಿಲ್ಲ. ಬೇಲಿ ಹಾರುವ ಓಟವನ್ನು ಬದುಕಿನಲ್ಲಿ ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಹಳೆಯದು. ಸೋದರಳಿಯ ಶಶಿ ಬರ್ಮಿಂಗ್‌ಹ್ಯಾಮಿನಲ್ಲಿ ಮನೆ ಮಾಡಿದ ಮೇಲೆ ಅದಕ್ಕೊಂದು ನೆಪ ಸಿಕ್ಕಿತು. 2025ರ ಮಾರ್ಚ್ 11ರಿಂದ 14ರವರೆಗೆ ಇಂಗ್ಲೆಂಡಿನ ಬೇಲಿ ಹಾರುವ ಓಟಗಳ ಜಾತ್ರೆಯಾದ ಚೆಲ್ಟನಮ್ ಫೆಸ್ಟಿವಲ್: ನಾಲ್ಕು ದಿನ, ದಿನಕ್ಕೆ ಏಳರಂತೆ ಇಪ್ಪತ್ತೆಂಟು ಓಟ. ಆ ವಾರ ಚೆಲ್ಟನಮ್ ಊರಿನಲ್ಲಿ ಕೋಣೆ ಹಿಡಿಯುವುದೆಂದರೆ ಪಿಂಚಣಿಯನ್ನು ಅಡವಿಟ್ಟ ಹಾಗೆ. ಬರ್ಮಿಂಗ್‌ಹ್ಯಾಮಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿಯಾದ್ದರಿಂದ ಶಶಿಯ ಮನೆಯಲ್ಲೇ ಠಿಕಾಣಿ ಹೂಡಿದೆ.

ಹಿಂದಿನ ದಿನವೇ ಅವನು ನನ್ನನ್ನು ಕಾರಿನಲ್ಲಿ ಕ್ಲೀವ್ ಗುಡ್ಡಕ್ಕೆ ಕರೆದೊಯ್ದ. ಮುನ್ನೂರಮೂವತ್ತು ಮೀಟರ್ ಎತ್ತರದ ಬೋಳು ಗುಡ್ಡ. ನಮ್ಮ ಕಡೆಯವರು ಇದನ್ನು ದಿಬ್ಬವೆಂದು ಕರೆದಾರು, ಆದರೆ ಕಾಟ್ಸ್‌ವೋಲ್ಡ್ಸ್ ಸೀಮೆಗೆ ಇದೇ ಅತಿ ಎತ್ತರದ ನೆಲೆ. ಕುರಿಗಳ ನಡುವೆ ಗಾಲ್ಫ್ ಆಡುವವರು, ಗಾಲ್ಫ್ ಆಡುವವರ ನಡುವೆ ಕುರಿಗಳು. ಗಾಳಿಗೆ ಕಣ್ಣಲ್ಲಿ ನೀರು. ನಾನು ಮಂಕಿ ಕ್ಯಾಪ್ ತೆಗೆದು ಹಾಕಿಕೊಂಡೆ. ಶಶಿ ಎರಡು ಹೆಜ್ಜೆ ದೂರ ಸರಿದು ನಿಂತ.

ಕೆಳಗೆ ಇಡೀ ಮೈದಾನ ಹಸಿರು ಹಗ್ಗದ ಉರುಳಿನಂತೆ ಕಾಣುತ್ತಿತ್ತು. ಮೇಲಿನಿಂದ ನೋಡಿದ್ದಕ್ಕೆ ಒಂದು ವಿಷಯ ಮೊದಲೇ ತಿಳಿಯಿತು: ಇದು ಸಮತಟ್ಟಾದ ನೆಲವಲ್ಲ. ಕುದುರೆಗಳು ಆಚೆ ಬದಿಯಲ್ಲಿ ಏರಿ, ಇಳಿಜಾರಿನಲ್ಲಿ ವೇಗ ಕಟ್ಟಿಕೊಂಡು ಬಂದು, ಕೊನೆಯ ಬೇಲಿ ಹಾರಿದ ಮೇಲೆ ಮತ್ತೆ ಏರಬೇಕು. ಐದು ಕಿಲೋಮೀಟರ್ ದಣಿದ ಕಾಲಿಗೆ ಕಟ್ಟಕಡೆಯಲ್ಲಿ ಏರು. ಯಾರು ಯೋಜಿಸಿದರೋ, ಕರುಣೆಯಿಲ್ಲದವರು.

ಇಳಿಯುವಾಗ ಪ್ರೆಸ್ಟ್‌ಬರಿ ಹಳ್ಳಿಯಲ್ಲಿ ಚಹಾ. ಮೊದಲು ಓಟಗಳು ಈ ಗುಡ್ಡದ ಮೇಲೆಯೇ ನಡೆಯುತ್ತಿದ್ದವಂತೆ. ಫ್ರಾನ್ಸಿಸ್ ಕ್ಲೋಸ್ ಎಂಬ ಪಾದ್ರಿ ಜೂಜಿನ ವಿರುದ್ಧ ಗುಡುಗಿದ, 1830ರಲ್ಲಿ ಪ್ರೇಕ್ಷಕರ ಅಟ್ಟಕ್ಕೆ ಬೆಂಕಿ ಬಿತ್ತು, ಮರುವರ್ಷ ಓಟ ಕೆಳಗಿನ ಪ್ರೆಸ್ಟ್‌ಬರಿ ಪಾರ್ಕಿಗೆ ಇಳಿಯಿತು. ಅಮ್ಮನಿಗೂ ಆ ಪಾದ್ರಿಗೂ ಚೆನ್ನಾಗಿ ಹೊಂದುತ್ತಿತ್ತು.

ಮಂಗಳವಾರ

ಶಶಿ ರಜೆ ಹಾಕಿದ್ದ. ಅವನ ಹೆಂಡತಿ ಡಬ್ಬಿಗೆ ಕೋಡುಬಳೆ ತುಂಬಿ, ಚಪಾತಿಗೆ ಚಟ್ನಿಪುಡಿ ಸವರಿ ಸುತ್ತಿಕೊಟ್ಟಳು. ಇದು ಬುದ್ಧಿವಂತಿಕೆಯ ಕೆಲಸವೆಂದು ಮಧ್ಯಾಹ್ನ ಒಂದು ಮಾಂಸದ ಪೈಗೆ ನಿಂತಿದ್ದ ಸಾಲನ್ನು ನೋಡಿದಾಗ ಗೊತ್ತಾಯಿತು. ಇನ್ನೊಂದು ಬುದ್ಧಿವಂತಿಕೆ ನನ್ನದು: ಮೈದಾನದ ನಡುವಿನ ಅಗ್ಗದ ಆವರಣ ಬಿಟ್ಟು, ಸ್ವಲ್ಪ ಹೆಚ್ಚು ತೆತ್ತು, ಓಟಕ್ಕೆ ಮೊದಲು ಕುದುರೆಗಳನ್ನು ನಡೆಸುವ ಪ್ಯಾಡಕ್ ಕಾಣುವ ಕಡೆಯ ಟಿಕೆಟ್ ತೆಗೆಸಿದ್ದೆ. ಕುದುರೆ ನಡೆಯುವುದನ್ನು ನೋಡದೆ ಓಡುವುದನ್ನು ಮಾತ್ರ ನೋಡುವುದು, ಹುಡುಗಿಯನ್ನು ನೋಡದೆ ಛತ್ರಕ್ಕೆ ಹೋದ ಹಾಗೆ.

ದಾರಿಯಲ್ಲಿ ಶಶಿಗೆ ಪಾಠ ಹೇಳಿದೆ. ಕಾರ್ಡಿನಲ್ಲಿ, ಎಂದರೆ ಆ ದಿನದ ಓಟಗಳ ಪಟ್ಟಿಯಲ್ಲಿ, ಕುದುರೆಯ ಹೆಸರಿನ ಪಕ್ಕ ‘1F2/P3-41’ ಎಂದು ಇದೆ ಎಂದುಕೊಳ್ಳೋಣ. ಎಡದ್ದು ಹಳೆಯದು, ಬಲತುದಿಯದು ತೀರ ಇತ್ತೀಚಿನದು. ಒಮ್ಮೆ ಗೆದ್ದಿದೆ, ಆಮೇಲೆ ಬಿದ್ದಿದೆ, ಆಮೇಲೆ ಎರಡನೆಯದು. ಓರೆಗೆರೆ ಎಂದರೆ ನಡುವೆ ಒಂದು ಇಡೀ ಋತು ಮನೆಯಲ್ಲೇ ಉಳಿದಿದೆ, ಬಹುಶಃ ಕಾಲಿಗೆ ಪೆಟ್ಟು. ‘ಪಿ’ ಎಂದರೆ ಸವಾರ ನಡುವೆಯೇ ನಿಲ್ಲಿಸಿದ್ದಾನೆ, ಆಮೇಲೆ ಮೂರನೆಯದು. ಅಡ್ಡಗೆರೆಯಿಂದ ಈಚೆ ಈ ಋತುವಿನದು: ನಾಲ್ಕನೆಯದು, ಮತ್ತೆ ಗೆಲುವು. ‘ಯು’ ಬಂದರೆ ಸವಾರ ಉರುಳಿದ, ‘ಬಿ’ ಬಂದರೆ ಬೇರೆ ಕುದುರೆ ಬಿದ್ದು ಇದನ್ನೂ ಕೆಡವಿತು.

“ಹಾಗಾದರೆ ‘ಬಿ’ ಬಂದದ್ದು ಕುದುರೆಯ ತಪ್ಪಲ್ಲ ತಾನೆ ಮಾವ?” ಎಂದ ಶಶಿ. ಮೊದಲ ದಿನವೇ ಇಷ್ಟು ತಿಳಿದವನನ್ನು ನಮ್ಮ ಸ್ಟ್ಯಾಂಡಿನಲ್ಲೂ ಹೆಚ್ಚು ನೋಡಿಲ್ಲ.

ಮೊದಲ ಓಟಕ್ಕೆ ಈ ಸಲ ಮೈಕಲ್ ಒ’ಸಲಿವನ್ ಹೆಸರು. ಹಿಂದಿನ ತಿಂಗಳಷ್ಟೇ ಐರ್ಲೆಂಡಿನಲ್ಲಿ ಓಟದಲ್ಲಿ ಬಿದ್ದು ತೀರಿಕೊಂಡ ಇಪ್ಪತ್ತನಾಲ್ಕರ ಜಾಕಿ. ಇಲ್ಲಿ ಪೆಟ್ಟಿಗೆಯಂಥ ಗೇಟುಗಳಿಲ್ಲ. ಕುದುರೆಗಳು ಗುಂಪಾಗಿ ನಡೆದುಕೊಂಡು ಬಂದು, ಪಟ್ಟಿ ಹಾರಿದೊಡನೆ ಓಡುತ್ತವೆ. ಪಟ್ಟಿ ಹಾರಿದ ಕ್ಷಣ ಐವತ್ತು ಸಾವಿರ ಮಂದಿ ಒಟ್ಟಿಗೆ ಕೂಗಿದ ಕೂಗು ನನ್ನ ಎದೆಗೂಡಿನಲ್ಲಿ ಅದುರಿತು. ಎಲ್ಲರೂ ನೆಚ್ಚಿದ್ದ ಕೋಪೆಕ್ ದೆ ಬೋರ್ದ್ ಗೆದ್ದಿತು. ಪುಸ್ತಕದಲ್ಲಿದ್ದಂತೆ ನಡೆಯುತ್ತದೆ ಎಂಬ ಧೈರ್ಯ ಬಂತು. ಅದೇ ತಪ್ಪಾದದ್ದು.

ನಾಲ್ಕು ಗಂಟೆಗೆ ಚಾಂಪಿಯನ್ ಹರ್ಡಲ್. ಎರಡು ಮೈಲಿ, ಎಂಟು ಹರ್ಡಲ್. ಹರ್ಡಲ್ ಎಂದರೆ ಮೂರೂವರೆ ಅಡಿಯ, ತಗುಲಿದರೆ ಬಾಗುವ ತಡಿಕೆ. ಚೇಸ್ ಓಟದ ಫೆನ್ಸ್ ನಾಲ್ಕೂವರೆ ಅಡಿ, ಬರ್ಚ್ ಕಡ್ಡಿ ಒತ್ತಾಗಿ ತುಂಬಿದ್ದು, ಅದು ಬಾಗುವುದಿಲ್ಲ. 2023ರಲ್ಲಿ ಇದೇ ಓಟ ಗೆದ್ದಿದ್ದ ಕಾನ್ಸ್ಟಿಟ್ಯೂಷನ್ ಹಿಲ್ ಮೇಲೆ ಬುಕ್ಕಿಗಳು ಎರಡು ಪೌಂಡಿಗೆ ಒಂದು ಪೌಂಡ್ ಲಾಭ ಕೊಡುತ್ತಿದ್ದರು. ಎಂದರೆ, ಗೆದ್ದಾಯಿತು ಎಂದೇ ಲೆಕ್ಕ. ನನ್ನ ಪುಸ್ತಕದಲ್ಲಿ ಗೋಲ್ಡನ್ ಏಸ್ ಎಂಬ ಹೆಣ್ಣು ಕುದುರೆಯ ಕೆಳಗೆ ಪೆನ್ಸಿಲ್ ಗೆರೆ ಇತ್ತು. ಹಿಂದಿನ ವರ್ಷ ಇದೇ ಫೆಸ್ಟಿವಲ್‌ನಲ್ಲಿ ಅದು ಬ್ರೈಟರ್‌ಡೇಸ್‌ಅಹೆಡ್ ಎಂಬ ಇನ್ನೊಂದು ಹೆಣ್ಣು ಕುದುರೆಯನ್ನು ಸೋಲಿಸಿತ್ತು. ಆ ಸೋತ ಕುದುರೆ ಇಂದು ಜನರ ಎರಡನೆಯ ಆಯ್ಕೆ. ಸೋಲಿಸಿದ ಕುದುರೆಗೆ ಇಪ್ಪತ್ತೈದಕ್ಕೆ ಒಂದು, ಎಂದರೆ ಒಂದು ಪೌಂಡಿಗೆ ಇಪ್ಪತ್ತೈದು ಪೌಂಡ್ ಲಾಭ! ಜೊತೆಗೆ ಹೆಣ್ಣು ಕುದುರೆ ಎಂದು ಏಳು ಪೌಂಡ್ ತೂಕದ ರಿಯಾಯಿತಿ. ಎರಡು ಸಲ ಗೆರೆ ಎಳೆದೆ, ಕೊನೆಗೆ ನಾನೇ ಅಳಿಸಿದೆ. ಸಾಮರ್‌ಸೆಟ್‌ನ ಸಣ್ಣ ಲಾಯದ ಕುದುರೆ ಈ ದೊಡ್ಡವರ ನಡುವೆ ಏನು ಮಾಡೀತು ಎನ್ನಿಸಿತು.

ಐದನೆಯ ಹರ್ಡಲ್‌ನಲ್ಲಿ ಕಾನ್ಸ್ಟಿಟ್ಯೂಷನ್ ಹಿಲ್ ಬಿತ್ತು. ಇಡೀ ಮೈದಾನ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿಸಿತು. ಕುದುರೆ ಎದ್ದು ನಿಂತಾಗ ಚಪ್ಪಾಳೆ. ಅಷ್ಟರಲ್ಲಿ ಹಿಂದಿನ ವರ್ಷದ ವಿಜೇತ ಸ್ಟೇಟ್ ಮ್ಯಾನ್ ಮುಂದೆ ಬಂದು, ಗೆದ್ದೇಬಿಟ್ಟಿತು ಎನ್ನುವಾಗ ಕೊನೆಯ ಹರ್ಡಲ್‌ನಲ್ಲಿ ಅದೂ ನೆಲ ಕಚ್ಚಿತು. ಗೋಲ್ಡನ್ ಏಸ್ ಏರು ಹತ್ತಿ ಬಂದು ಗೆದ್ದಿತು. ಶಶಿ ನನ್ನ ಪುಸ್ತಕ ಕಿತ್ತುಕೊಂಡು, ಅಳಿಸಿದ ಗೆರೆಯ ಗುರುತನ್ನು ಬೆಳಕಿಗೆ ಹಿಡಿದು ನೋಡಿದ. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಬುಧವಾರ

ಶಶಿಗೆ ಕಚೇರಿ, ನಾನೊಬ್ಬನೇ. ಬೆಳಗಿನ ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. ಟ್ವೀಡ್ ಕೋಟುಗಳ ನಡುವೆ ನನ್ನ ಮಂಕಿ ಕ್ಯಾಪ್ ಒಂದು ದ್ವೀಪ. ಹನ್ನೊಂದಕ್ಕೆಲ್ಲ ಮೈದಾನ ಸೇರಿದರೆ ಪ್ಯಾಡಕ್ಕಿನ ಸುತ್ತಲಿನ ಮೆಟ್ಟಿಲುಗಳಲ್ಲಿ ಜಾಗ ಸಿಗುತ್ತದೆ, ತಡವಾದರೆ ಕಾಣುವುದು ಟೋಪಿಗಳು ಮಾತ್ರ.

ಆ ಮೆಟ್ಟಿಲಲ್ಲೇ ಆ ರೈತ ಸಿಕ್ಕಿದ್ದು. ಗ್ಲಾಸ್ಟರ್‌ಷೈರಿನವನೇ, ಎಪ್ಪತ್ತರ ಆಚೆ, ಬೆರಳುಗಳು ಅರಿಸಿನದ ಕೊಂಬಿನಂತೆ. ಕೋಡುಬಳೆ ನೀಡಿದೆ. ತಿರುಗಿಸಿ ನೋಡಿ, “ಇದು ನನಗೋ, ಕುದುರೆಗೋ?” ಎಂದು ಕೇಳಿದ. ಒಂದನ್ನು ಕಡಿದ ಮೇಲೆ ಇನ್ನು ಮೂರನ್ನು ಕೇಳದೆಯೇ ತೆಗೆದುಕೊಂಡ.

ಮುಂದಿನ ಎರಡು ಗಂಟೆ ನಾನು ಶಿಷ್ಯ. ಆತ ಕುದುರೆಯ ಮುಖ ನೋಡುತ್ತಿರಲಿಲ್ಲ, ಹಿಂಭಾಗ ನೋಡುತ್ತಿದ್ದ. ಹಾರುವ ಬಲ ಇರುವುದು ತೊಡೆಯಲ್ಲಿ. ನಡೆಯುವಾಗ ಹಿಂಗಾಲು ಮುಂಗಾಲಿನ ಗುರುತನ್ನು ದಾಟಿ ಮುಂದೆ ಬೀಳುತ್ತದೆಯೇ ನೋಡು ಎಂದ. ಹಿಂಗಾಲುಗಳ ನಡುವೆ ಸೋಪಿನ ನೊರೆಯಂತೆ ಬೆವರು ಕಟ್ಟಿದ್ದರೆ ಓಟ ಇಲ್ಲೇ ಮುಗಿದಿದೆ ಎಂದರ್ಥ. ಆದರೆ ಕೆಲವು ಕುದುರೆಗಳಿಗೆ ಅದು ಸ್ವಭಾವ, ಹಿಂದೆ ಬೆವರಿಯೂ ಗೆದ್ದಿದ್ದರೆ ಲೆಕ್ಕಕ್ಕಿಡಬೇಡ. ಉಸಿರಿನ ಶಸ್ತ್ರಚಿಕಿತ್ಸೆ ಆಗಿದ್ದರೆ 2018ರಿಂದ ಈಚೆಗೆ ಜನರಿಗೆ ತಿಳಿಸಲೇಬೇಕು. ಆಮೇಲಿನ ಮೊದಲ ಓಟವನ್ನು ಕಣ್ಣಿಟ್ಟು ನೋಡು. ಹೀಗೆ ಹೇಳುತ್ತ ಬೂಟಿನ ಹಿಮ್ಮಡಿಯನ್ನು ಹುಲ್ಲಿಗೆ ಒತ್ತಿ ತೆಗೆದ. ಅರ್ಧ ಅಂಗುಲದ ಗುಳಿ, ಅಂಚು ಕುಸಿಯಲಿಲ್ಲ. “ಗುಡ್ ಟು ಸಾಫ್ಟ್” ಎಂದ, ಎಂದರೆ ತುಸು ಮೆದುವಾದ ನೆಲ. ಫಲಕದಲ್ಲಿ ಬರೆದದ್ದೂ ಅದೇ. ಕೆಸರಿನಲ್ಲಿ ಗೆದ್ದ ಕುದುರೆಗೆ ಇಂಥ ನೆಲದಲ್ಲಿ ವೇಗ ಸಾಲದು, ಗಟ್ಟಿ ನೆಲದ ಕುದುರೆಗೆ ಕೆಸರಿನಲ್ಲಿ ಕಾಲೇ ಬರುವುದಿಲ್ಲ. ಹಾಗಾಗಿ ಕಾರ್ಡಿನ ಅಂಕಿಗಿಂತ ಮೊದಲು ಆ ಅಂಕಿ ಯಾವ ನೆಲದಲ್ಲಿ ಬಂತು ಎಂದು ನೋಡಬೇಕು. ಇದು ನಮ್ಮ ಮಳೆಗಾಲದ ಓಟಗಳಲ್ಲೂ ಗೊತ್ತಿದ್ದದ್ದೇ, ಆದರೆ ಇಲ್ಲಿ ಅದೇ ಮುಕ್ಕಾಲು ಪಾಲು.

ಎಲ್ಲ ಹೇಳಿ ಮುಗಿಸಿ ಗುಡ್ಡದ ಕಡೆ ಕೈ ತೋರಿಸಿದ. “ಮೊದಲು ಕೇಳಬೇಕಾದದ್ದು ಒಂದೇ. ಮಾರ್ಚ್ ತಿಂಗಳಲ್ಲಿ ಈ ಏರನ್ನು ಹಿಂದೆ ಗೆದ್ದು ಹತ್ತಿದವರು ಯಾರು?”

ಅಂದಿನ ದೊಡ್ಡ ಓಟ ಚಾಂಪಿಯನ್ ಚೇಸ್. ಜನರ ನೆಚ್ಚಿನದು ಜಾನ್‌ಬಾನ್. ಬೇರೆಡೆಯೆಲ್ಲ ಗೆದ್ದ ಕುದುರೆ, ಆದರೆ ಫೆಸ್ಟಿವಲ್‌ನಲ್ಲಿ 2022ರಲ್ಲೂ 2023ರಲ್ಲೂ ಎರಡನೆಯದೇ. ಮರೀನ್ ನ್ಯಾಷನೇಲ್ 2023ರಲ್ಲಿ ಇಲ್ಲಿ ಗೆದ್ದಿತ್ತು, ಅಂದು ಬೆನ್ನ ಮೇಲೆ ಇದ್ದವನು ಮೈಕಲ್ ಒ’ಸಲಿವನ್. ರೈತನ ಮಾತು ಕೇಳಿ ಐದು ಪೌಂಡ್ ಅದರ ಮೇಲಿಟ್ಟೆ. ಜಾನ್‌ಬಾನ್ ನಡುವೆ ಒಂದು ಬೇಲಿಗೆ ಬಲವಾಗಿ ತಗುಲಿ ಹಿಂದೆ ಬಿತ್ತು; ಕೊನೆಯ ಬೇಲಿಯಲ್ಲಿ ಜೊತೆಗೇ ಬರುತ್ತಿದ್ದ ಕ್ವಿಲಿಕ್ಸಿಯೋಸ್ ಉರುಳಿತು; ಮರೀನ್ ನ್ಯಾಷನೇಲ್ ಹದಿನೆಂಟು ಲೆಂತ್ (ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ ಗೆದ್ದಿತು. ಗೆದ್ದ ಸವಾರ ಆಕಾಶದತ್ತ ನೋಡಿದಾಗ ಪಕ್ಕದ ರೈತ ಟೋಪಿ ತೆಗೆದ. ನಾನೂ ಮಂಕಿ ಕ್ಯಾಪ್ ತೆಗೆದೆ. ಕಿವಿ ಕೊರೆಯಿತು, ಆದರೂ ತೆಗೆದೆ.

ಸಂಜೆ ಆ ಖುಷಿಯಲ್ಲಿ ತಪ್ಪು ರೈಲು ಹತ್ತಿದೆ. ಹತ್ತು ನಿಮಿಷದಲ್ಲಿ ಗ್ಲಾಸ್ಟರ್ ನಿಲ್ದಾಣ. ಮುಂದಿನ ರೈಲಿಗೆ ಕಾಯುತ್ತ ಆಲೂಗಡ್ಡೆ ಚಿಪ್ಸ್ ಮೇಲೆ ಚಟ್ನಿಪುಡಿ ಉದುರಿಸಿ ತಿಂದೆ. ಯಾರಿಗಾದರೂ ಹೇಳಬೇಕಾದ ಸಂಗತಿ ಇದು: ಚೆನ್ನಾಗಿರುತ್ತದೆ.

ಗುರುವಾರ

ರೈಲಿನಲ್ಲಿ ಎದುರಿಗೆ ಕೂತಿದ್ದು ಕಾರ್ಕ್ ಸೀಮೆಯ ಅಜ್ಜಿ, ಹಸಿರು ಶಾಲು. ಅಂದು ಸೇಂಟ್ ಪ್ಯಾಟ್ರಿಕ್ ಹೆಸರಿನ ದಿನವಾದ್ದರಿಂದ ಬೋಗಿಯ ಅರ್ಧ ಭಾಗ ಐರಿಷ್. ಈ ಓಟ ಹುಟ್ಟಿದ್ದೇ ನಮ್ಮ ಕಡೆ ಎಂದರು ಆಕೆ. 1752ರಲ್ಲಿ ಇಬ್ಬರು ಪಂಥ ಕಟ್ಟಿ ಬಟವೆಂಟ್ ಚರ್ಚಿನಿಂದ ಡೊನೆರೈಲ್ ಚರ್ಚಿನವರೆಗೆ, ಗೋಪುರವನ್ನೇ ಗುರಿಯಾಗಿಸಿಕೊಂಡು, ನಡುವಿನ ಗೋಡೆ, ಹಳ್ಳಗಳನ್ನೆಲ್ಲ ಹಾರಿಸುತ್ತ ಕುದುರೆ ಓಡಿಸಿದರಂತೆ. ಸ್ಟೀಪಲ್‌ಚೇಸ್ ಎಂಬ ಹೆಸರು ಆ ಗೋಪುರದ್ದು. “ಯಾರು ಗೆದ್ದರು?” ಎಂದೆ. “ಅದನ್ನು ಕೇಳಬಾರದು. ಕಾರ್ಕಿನವರೇ ಅನ್ನಿ” ಎಂದರು.

ಆಕೆ ಪುಸ್ತಕ ಓದುವವರಲ್ಲ. ತರಬೇತುದಾರ ಮತ್ತು ಸವಾರರ ಹೆಸರು ನೋಡುತ್ತಾರೆ. “ಒಂದೇ ಮನೆಯಿಂದ ಮೂರು ಕುದುರೆ ಬಂದಿದ್ದರೆ, ಮನೆಯ ಮುಖ್ಯ ಜಾಕಿ ಯಾವುದರ ಮೇಲೆ ಕೂರುತ್ತಾನೆ ನೋಡಿ. ಬೆಳಗ್ಗೆ ಲಾಯದಲ್ಲಿ ನಡೆದದ್ದು ಅವನಿಗೆ ಗೊತ್ತು, ನಿಮ್ಮ ಪೆನ್ಸಿಲಿಗೆ ಗೊತ್ತಿಲ್ಲ.” ಆ ಮಾತು ನನಗೆ ನಾಟಿತು, ಪೆನ್ಸಿಲ್ ಕಿಸೆಗೆ ಹೋಯಿತು.

ಅಂದಿನಿಂದ ಓಟಗಳು ಹೊಸ ಹಾದಿಯಲ್ಲಿ. ಮೊದಲೆರಡು ದಿನ ಹಳೆಯ ಹಾದಿ, ಕೊನೆಯೆರಡು ದಿನ ಹೊಸದು. ಒಂದೇ ಮೈದಾನ, ಆದರೆ ಹೊಸ ಹಾದಿಯಲ್ಲಿ ದಮ್ಮಿನ ಪರೀಕ್ಷೆ ಹೆಚ್ಚು. ಈ ಭೇದ ನನಗೆ ತಿಳಿದಿರಲಿಲ್ಲ. ರೈಯಾನೇರ್ ಚೇಸ್ ಗೆದ್ದದ್ದು ಫ್ಯಾಕ್ಟ್ ಟು ಫೈಲ್, 2024ರಲ್ಲಿ ಇಲ್ಲೇ ಗೆದ್ದಿದ್ದ ಕುದುರೆ. ಸ್ಟೇಯರ್ಸ್ ಹರ್ಡಲ್ ಗೆದ್ದದ್ದು ಹತ್ತು ವರ್ಷದ ಬಾಬ್ ಒಲಿಂಜರ್, 2021ರಲ್ಲೂ 2022ರಲ್ಲೂ ಇಲ್ಲಿ ಗೆದ್ದಿದ್ದದ್ದು. ನಮ್ಮಲ್ಲಿ ಆ ವಯಸ್ಸಿಗೆ ಕುದುರೆ ಓಟ ಮರೆತು ಎಷ್ಟೋ ಕಾಲವಾಗಿರುತ್ತದೆ. ಬೆನ್ನ ಮೇಲೆ ರೇಚಲ್ ಬ್ಲ್ಯಾಕ್‌ಮೋರ್. ಫೆಸ್ಟಿವಲ್‌ನ ಅತಿ ದೊಡ್ಡ ಓಟವಾದ ಗೋಲ್ಡ್ ಕಪ್ ಗೆದ್ದ ಮೊದಲ ಮಹಿಳೆ, ಅದು 2022ರ ಮಾತು. ಅವರನ್ನು ಕೈಚಾಚುವಷ್ಟು ಹತ್ತಿರದಲ್ಲಿ ಕಂಡೆ: ಗಲ್ಲದ ಮೇಲೆ ಮಣ್ಣು, ಕೈಗವಸಿನ ಹೆಬ್ಬೆರಳು ಹರಿದಿತ್ತು. ಮೇ ತಿಂಗಳಲ್ಲಿ ಅವರು ನಿವೃತ್ತಿ ಘೋಷಿಸಿದ ಸುದ್ದಿ ಓದಿದಾಗ ನೆನಪಾದದ್ದು ಆ ಹೆಬ್ಬೆರಳು.

ರಾತ್ರಿ ಶಶಿಯ ಮನೆಯಲ್ಲಿ ಸೊಪ್ಪಿನ ಸಾರು ಉಂಡು, ಊಟದ ಮೇಜಿನ ಮೇಲೆಯೇ ಗೋಲ್ಡ್ ಕಪ್ ಪುಟ ಬಿಚ್ಚಿದೆ. ಗಾಲೊಪಿನ್ ದೆ ಶಾಂ 2023 ಮತ್ತು 2024ರ ವಿಜೇತ. ಮೂರನೆಯದೂ ಗೆದ್ದರೆ ಗೋಲ್ಡನ್ ಮಿಲ್ಲರ್, ಕಾಟೇಜ್ ರೇಕ್, ಆರ್ಕಲ್, ಬೆಸ್ಟ್ ಮೇಟ್ ಎಂಬ ಹಳೆಯ ದಿಗ್ಗಜ ಕುದುರೆಗಳ ಸಾಲಿಗೆ. ಆದರೆ ನನ್ನ ಕಣ್ಣು ಇನ್ನೊಂದು ಹೆಸರಿನ ಮೇಲೆ: ಇನೋದವೇಯರ್‌ಥಿಂಕಿನ್. ‘ನೀನು ಯೋಚಿಸುತ್ತಿರುವುದು ನನಗೆ ಗೊತ್ತು’ ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿದ ಹೆಸರು. ಫೆಬ್ರುವರಿಯಲ್ಲಿ ಲೆಪರ್ಡ್ಸ್‌ಟೌನಿನ ಐರಿಷ್ ಗೋಲ್ಡ್ ಕಪ್‌ನಲ್ಲಿ ಗಾಲೊಪಿನ್ ಗೆದ್ದಾಗ ಇದು ನಾಲ್ಕನೆಯದು. ಕಾರ್ಡಿನ ಅಂಕಿ ಅಷ್ಟನ್ನೇ ಹೇಳುತ್ತದೆ. ಆ ಓಟದ ವಿಡಿಯೋವನ್ನು ಶಶಿಯ ಮೊಬೈಲಿನಲ್ಲಿ ನಾಲ್ಕು ಸಲ ನೋಡಿದೆ. ಉಳಿದವು ಸೋಲುತ್ತ ಬರುವಾಗ ಇದು ಹಿಂದಿನಿಂದ ಏರುತ್ತ ಬರುತ್ತಿದೆ. ಓಟ ಇನ್ನಷ್ಟು ಉದ್ದವಿದ್ದರೆ ಎನ್ನಿಸುತ್ತದೆ. ಗೋಲ್ಡ್ ಕಪ್ ಇನ್ನಷ್ಟು ಉದ್ದವೇ: ಮೂರು ಮೈಲಿ ಎರಡೂವರೆ ಫರ್ಲಾಂಗ್, ಇಪ್ಪತ್ತೆರಡು ಫೆನ್ಸ್. 2024ರ ಫೆಸ್ಟಿವಲ್‌ನಲ್ಲಿ, ಇದೇ ಹೊಸ ಹಾದಿಯಲ್ಲಿ, ಹೆಚ್ಚುಕಡಿಮೆ ಇಷ್ಟೇ ದೂರದ ಕಿಮ್ ಮ್ಯೂರ್ ಓಟ ಗೆದ್ದಿದೆ. ವಯಸ್ಸು ಏಳು, ಇನ್ನೂ ಬೆಳೆಯುವ ಕಾಲ. ಮೊದಲು ಪಟ್ಟಿಯಲ್ಲೇ ಇರಲಿಲ್ಲ. ಇಪ್ಪತ್ತೈದು ಸಾವಿರ ಪೌಂಡ್ ದಂಡದ ಶುಲ್ಕ ಕಟ್ಟಿ ಕೊನೆಗೆ ಸೇರಿಸಿದ್ದಾರೆ. ಅಷ್ಟು ದುಡ್ಡನ್ನು ಯಾರೂ ಸುಮ್ಮನೆ ಕಟ್ಟುವುದಿಲ್ಲ. ಪೆನ್ಸಿಲ್ ತೆಗೆದು ಮೂರು ಗೆರೆ ಎಳೆದು ಬರೆದೆ: ‘ನಾಲ್ಕನೆಯದಾದರೂ ಓಡುತ್ತ ಮುಗಿಸಿದೆ. ಇದೇ.’

ಶುಕ್ರವಾರ

ಶಶಿ ಮತ್ತೆ ರಜೆ. ಮೊದಲ ಓಟ ಟ್ರಯಂಫ್ ಹರ್ಡಲ್, ನಾಲ್ಕು ವರ್ಷದ ಕುದುರೆಗಳದ್ದು. ಪೊನಿರೋಸ್ ಎಂಬುದು ಹರ್ಡಲನ್ನು ಓಟದಲ್ಲಿ ಅದುವರೆಗೆ ಒಮ್ಮೆಯೂ ಹಾರಿರಲಿಲ್ಲ. ಸಮತಟ್ಟು ನೆಲದ ಓಟಗಳಲ್ಲಿ ಓಡಿದ್ದಷ್ಟೇ. ಬೆಲೆ ನೂರಕ್ಕೆ ಒಂದು. ಅದೇ ಗೆದ್ದಿತು, ಲುಲಾಂಬಾವನ್ನು ಕತ್ತಿನ ಅಂತರದಲ್ಲಿ ಹಿಂದಿಕ್ಕಿ. ನನ್ನ ಸುತ್ತ ಯಾರೂ ಕೂಗಲಿಲ್ಲ, ಎಲ್ಲರೂ ಕಾರ್ಡ್ ತಿರುಗಿಸಿ ಇದು ಯಾವ ಕುದುರೆ ಎಂದು ಹುಡುಕುತ್ತಿದ್ದರು. ಆ ಸಾವಿರಾರು ಜನರ ನಡುವೆ ಸಮತಟ್ಟು ಓಟವನ್ನು ಮೂವತ್ತು ವರ್ಷ ಓದಿದವನು ನಾನು, ಆ ಓಟದ ಅಂಕಿಗಳಿದ್ದ ಕುದುರೆಯನ್ನು ‘ಅನುಭವವಿಲ್ಲ’ ಎಂದು ಮೊದಲೇ ಹೊಡೆದು ಹಾಕಿದ್ದವನೂ ನಾನೇ.

ಅಲ್ಲಿಗೆ ನನ್ನ ತಲೆ ಕೆಟ್ಟಿತು. ನಾಲ್ಕಕ್ಕೆ ಗೋಲ್ಡ್ ಕಪ್. ಪ್ಯಾಡಕ್ಕಿನಲ್ಲಿ ಗಾಲೊಪಿನ್ ಬಂದ ಗತ್ತು ನೋಡಿದೆ: ಕುತ್ತಿಗೆ ಬಿಲ್ಲಿನಂತೆ, ಮೈ ಎಣ್ಣೆ ತಿಕ್ಕಿದ ತೇಗದ ಬಾಗಿಲಿನಂತೆ. ಎರಡು ಸಲ ಗೆದ್ದದ್ದು ಇದಲ್ಲವೇ, ಈ ಏರನ್ನು ಇದಕ್ಕಿಂತ ಚೆನ್ನಾಗಿ ಬಲ್ಲದ್ದು ಯಾವುದು? ರೈತನ ಮಾತಿಗೂ ಹೊಂದುತ್ತದೆ. ನಿಜ ಹೇಳಬೇಕೆಂದರೆ, ಮೂರನೆಯ ಗೆಲುವನ್ನು ನೋಡಿದವನು ಎಂದು ಊರಿನಲ್ಲಿ ಹೇಳಿಕೊಳ್ಳುವ ಆಸೆ. ಎಂಟು ಪೌಂಡ್ ಲಾಭಕ್ಕೆ ಹದಿಮೂರು ಪೌಂಡ್ ಎಣಿಸಿ ಗಾಲೊಪಿನ್ ಮೇಲಿಟ್ಟೆ.

ಓಟವನ್ನು ನಾನು ಕೊನೆಯ ಬೇಲಿಯ ಬಳಿ ನಿಂತು ನೋಡಿದೆ. ಟಿವಿಯಲ್ಲಿ ಕಾಣದ್ದು ಅಲ್ಲಿ ಕೇಳಿಸುತ್ತದೆ: ಗೊರಸಿಗೆ ಹಾರುವ ಹುಲ್ಲುಹೆಂಟೆಗಳ ಪಟಪಟ, ಬರ್ಚ್ ಕಡ್ಡಿಗೆ ಹೊಟ್ಟೆ ಸವರುವ ಸರಕ್, ಸವಾರರ ಬೈಗುಳ, ಕುದುರೆಗಳ ಉಸಿರು ತಿದಿಯ ಹಾಗೆ. ಪ್ರತಿಯೊಂದರ ಬೆನ್ನ ಮೇಲೂ ಎಪ್ಪತ್ತನಾಲ್ಕು ಕಿಲೋ. ಎರಡನೆಯ ಸುತ್ತಿನಲ್ಲಿ ಇಳಿಜಾರಿನಿಂದ ಬರುವಾಗ ಹಿಂದಿದ್ದ ಇನೋದವೇಯರ್‌ಥಿಂಕಿನ್‌ನ ಹಸಿರು-ಚಿನ್ನದ ಬಣ್ಣ ಮುಂದೆ ಸರಿಯತೊಡಗಿತು. ಅದರ ಸವಾರ ಮಾರ್ಕ್ ವಾಲ್ಷ್ ಕೈ ಅಲುಗಿಸಿಯೂ ಇರಲಿಲ್ಲ. ಕೊನೆಯ ಬೇಲಿ ದಾಟಿ ಏರು ಹತ್ತುವಾಗ ಗಾಲೊಪಿನ್‌ನ ಬಾಲ ಸುತ್ತತೊಡಗಿತು, ದಣಿದ ಲಕ್ಷಣ. ಇನೋದವೇಯರ್‌ಥಿಂಕಿನ್ ಆರು ಲೆಂತ್ ಅಂತರದಲ್ಲಿ ಗೆದ್ದಿತು. ಬೆಲೆ ಏಳೂವರೆಗೆ ಒಂದು.

ಅದೇ ಒಡೆಯನ ಇನ್ನೊಂದು ಕುದುರೆ, ಕಾರ್ಬೆಟ್ಸ್ ಕ್ರಾಸ್, ಆ ಓಟದಿಂದ ಹಿಂತಿರುಗಲಿಲ್ಲ. ಗೆದ್ದವರ ಆವರಣದಲ್ಲಿ ಜನ ಟೋಪಿ ಎಸೆಯುತ್ತಿದ್ದ ಹೊತ್ತಿಗೆ ಆ ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಕಾರ್ಡಿನಲ್ಲಿ ಇಂಥದಕ್ಕೆ ಅಕ್ಷರವಿಲ್ಲ. ಈ ಆಟವನ್ನು ಮೆಚ್ಚುವವನು ಇದನ್ನು ಬಿಟ್ಟು ಬರೆಯಬಾರದೆಂದು ಬರೆದಿದ್ದೇನೆ. ಉಳಿದ ಎರಡು ಓಟಗಳನ್ನು ನಾನು ಸರಿಯಾಗಿ ನೋಡಲಿಲ್ಲ.

ಕಾರು ನಿಲ್ಲಿಸಿದ ಹೊಲದಿಂದ ಹೊರಬೀಳಲು ಒಂದೂವರೆ ಗಂಟೆ ಹಿಡಿಯಿತು. ಮುಂದೆ ಹಿಂದೆ ಕೆಂಪು ದೀಪಗಳು. ಶಶಿ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು, ಬಹಳ ಹೊತ್ತಿನಿಂದ ತಡೆದಿದ್ದ ಮಾತನ್ನು ಹೇಳಿದ.

“ಮಾವ, ಒಂದು ತಪ್ಪು ಮಾಡಿದ್ದೇನೆ.”

ಮೊಬೈಲ್ ಕೈಗಿತ್ತ. ಗುರುವಾರ ರಾತ್ರಿಯ ನನ್ನ ಪುಟದ ಫೋಟೋ. ಮೂರು ಗೆರೆ, ‘ಇದೇ’, ಮೂಲೆಯಲ್ಲಿ ಸಾರಿನ ಕಲೆ. ಅದನ್ನು ನಂಬಿ ಐದು ಪೌಂಡ್ ಇಟ್ಟಿದ್ದನಂತೆ, ನಲವತ್ತೆರಡೂವರೆ ಬಂದಿದೆ. ನಾನು ಅದೇ ಕುದುರೆಯ ಮೇಲೆ ಇಟ್ಟಿರುತ್ತೇನೆಂದು ಅವನು, ಅವನಿಗೆ ಇದರ ಗೊಡವೆಯೇ ಇಲ್ಲವೆಂದು ನಾನು.

“ನಿಮ್ಮದು ಎಷ್ಟು ಬಂತು?” ಎಂದ.

ಡಬ್ಬಿಯಲ್ಲಿ ಕೊನೆಯ ಕೋಡುಬಳೆ ಉಳಿದಿತ್ತು. ಅದನ್ನು ಮುರಿದು ಅರ್ಧ ಅವನಿಗೆ ಕೊಟ್ಟೆ. ಸಾಲು ಎರಡು ಕಾರಿನಷ್ಟು ಮುಂದೆ ಸರಿಯಿತು.

“ಏಪ್ರಿಲ್‌ನಲ್ಲಿ ಲಿವರ್‌ಪೂಲ್ ಕಡೆ ಇನ್ನೊಂದು ಇದೆಯಂತಲ್ಲ ಮಾವ, ಗ್ರ್ಯಾಂಡ್ ನ್ಯಾಷನಲ್? ಅದರಲ್ಲಿ ಎಷ್ಟು ಕುದುರೆ?”

“ಮೂವತ್ತನಾಲ್ಕು. ಮೊದಲು ನಲವತ್ತಿತ್ತು.”

“ನಿಮ್ಮ ವಾಪಸ್ ಟಿಕೆಟ್ ಬದಲಾಯಿಸಲು ಎಷ್ಟು ಹಿಡಿಯುತ್ತದೋ ನೋಡಲೇ?”

ನನ್ನ ವಿಮಾನ ಭಾನುವಾರಕ್ಕಿತ್ತು.